ಕನ್ನಡದಲ್ಲೇ ಫೇಲ್ ಆದಮೇಲೆ ನಾವು ಮಾಡಿದ್ದು

ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ವಿಜ್ಞಾನವೋ ಹೋದರೆ ಮನೆಯವರು ಟ್ಯೂಷನ್ ಹುಡುಕುತ್ತಾರೆ. ಕನ್ನಡ ಹೋದರೆ ಬರೀ ಬೈಯುತ್ತಾರೆ. 2025ರ ಮೇ 2ರಂದು ಪರೀಕ್ಷೆ-1ರ ಫಲಿತಾಂಶ ಬಂದಾಗ ಚಳ್ಳಕೆರೆಯ ನಮ್ಮಕ್ಕನ ಮನೆಯಲ್ಲೂ ಅದೇ ಆಯಿತು. ಅವಳ ಮಗಳು ಎಲ್ಲ ವಿಷಯದಲ್ಲೂ ಪಾಸ್. ಪ್ರಥಮ ಭಾಷೆ ಕನ್ನಡದಲ್ಲಿ ಮಾತ್ರ ಕೆಲವೇ ಅಂಕ ಕಮ್ಮಿ. "ಹುಟ್ಟಿದಾಗಿಂದ ಆಡೋದು ಕನ್ನಡ, ಅದರಲ್ಲೇ ಹೋದರೆ ಜನಕ್ಕೆ ಏನಂತ ಹೇಳೋಣ?" ಅಂತ ಭಾವ ಫೋನಿನಲ್ಲಿ ಕೇಳಿದರು. ಹಿಂದೆ ಹುಡುಗಿಯ ದನಿಯೇ ಇರಲಿಲ್ಲ. ಊಟಕ್ಕೂ ಎದ್ದು ಬಂದಿಲ್ಲ ಅಂತ ಆಮೇಲೆ ಅಕ್ಕ ಹೇಳಿದಳು.

ನಾನು ಟೀಚರ್ ಅಲ್ಲ. ತುಮಕೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವಳು. ಕನ್ನಡ ಓದುವುದೆಂದರೆ ಚಿಕ್ಕಂದಿನಿಂದ ಪ್ರಾಣ, ಅಷ್ಟೇ. "ಪುಟ್ಟೀನ ಇಲ್ಲಿಗೆ ಕಳಿಸಿ, ಪರೀಕ್ಷೆ-2ರ ತನಕ ನಾನು ನೋಡ್ಕೋತೀನಿ" ಅಂದೆ. ಪರೀಕ್ಷೆ-2 ಅಂದರೆ ಫೇಲಾದವರು, ಅಂಕ ಹೆಚ್ಚಿಸಿಕೊಳ್ಳುವವರು ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆ. ಅದರ ಮೊದಲ ಪೇಪರ್ರೇ ಕನ್ನಡ ಆಗಿತ್ತು, ಮೇ 26ಕ್ಕೆ. ಇದೇ ಪರಿಸ್ಥಿತಿಯಲ್ಲಿ ಇರುವ ಮನೆಗಳು ಎಷ್ಟೋ ಇವೆ. ನಮಗೆ ಏನೇನು ಎದುರಾಯಿತು, ಯಾವುದು ಕೆಲಸಕ್ಕೆ ಬಂತು ಅನ್ನುವುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದ್ದು. ಎಲ್ಲಿ ತಪ್ಪಿದೆ ಅಂತ ಗೊತ್ತಾಗದೆ ಏನು ಹೇಳಿಕೊಡುವುದು? ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಆನ್‌ಲೈನ್ ಅರ್ಜಿ. ಫಲಿತಾಂಶ ಬಂದ ಮೇಲೆ ಕೆಲವೇ ದಿನ ಅವಕಾಶ ಇರುತ್ತದೆ, ಆದ್ದರಿಂದ ಅತ್ತು ಮುಗಿಸಿ ಆಮೇಲೆ ಹಾಕೋಣ ಅಂತ ಕೂರಬೇಡಿ. ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ, ಮೊಬೈಲ್ ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ. ಆ ವರ್ಷ ಒಂದು ವಿಷಯಕ್ಕೆ 400 ರೂಪಾಯಿಗಿಂತ ಸ್ವಲ್ಪ ಜಾಸ್ತಿ ಆಯಿತು. ಮರುಮೌಲ್ಯಮಾಪನ ಬೇಕಿದ್ದರೆ ಸುಮಾರು ಅದರ ಎರಡರಷ್ಟು, ಅದೂ ಸ್ಕ್ಯಾನ್ ಪ್ರತಿ ತೆಗೆಸಿದವರಿಗೆ ಮಾತ್ರ. ಶುಲ್ಕ, ಕೊನೆಯ ದಿನಾಂಕ ವರ್ಷವರ್ಷವೂ ಬದಲಾಗುತ್ತದೆ. ಆ ವರ್ಷದ ಸುತ್ತೋಲೆಯನ್ನು ನೀವೇ ಓದಿ, ಬಾಯಿಮಾತು ನಂಬಬೇಡಿ.

ಇಲ್ಲೇ ಮೊದಲ ತೊಡಕು. ಅಕ್ಕ ಊರಿನ ಒಂದು ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದಳು. ಅಲ್ಲಿಯವರು ಮೊಬೈಲ್ ನಂಬರಿನ ಒಂದು ಅಂಕಿ ತಪ್ಪಾಗಿ ಒತ್ತಿದ್ದರು. ಮೆಸೇಜ್ ಬರುತ್ತದೆ ಅಂತ ಕಾದೆವು, ಕಾದೆವು, ಬರಲೇ ಇಲ್ಲ. ಕೊನೆಗೆ ದುಡ್ಡು ಕಟ್ಟಿದ ರಸೀದಿ ತೆಗೆದು ನೋಡಿದಾಗ ಸಂಗತಿ ಗೊತ್ತಾಯಿತು. ರಸೀದಿಯಲ್ಲಿದ್ದ ಅರ್ಜಿ ಸಂಖ್ಯೆ ಹಿಡಿದು ಮತ್ತೆ ಓಡಾಡಿ ಪ್ರತಿ ಇಳಿಸಿಕೊಂಡೆವು. ಪರೀಕ್ಷೆಗೆ ಇದ್ದ ಅಷ್ಟು ಕಡಿಮೆ ಸಮಯದಲ್ಲಿ ಒಂದಿಷ್ಟು ದಿನ ಹೀಗೇ ಹೋಯಿತು. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವವರು "ಸಬ್ಮಿಟ್" ಒತ್ತುವ ಮೊದಲು ಪರದೆ ತಿರುಗಿಸಿ ತೋರಿಸಲು ಹೇಳಿ. ರಸೀದಿಯ ಫೋಟೋ ಹೊಡೆದು ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಪರೀಕ್ಷೆ-2ಕ್ಕೆ ನೋಂದಣಿ ಆಗುವುದು ಶಾಲೆಯ ಮೂಲಕವೇ. ಮರುಮೌಲ್ಯಮಾಪನದ ಫಲಿತಾಂಶ ನೋಡಿಕೊಂಡು ಆಮೇಲೆ ಹೆಸರು ಕೊಡೋಣ ಅಂದರೆ ದಿನಾಂಕ ದಾಟಿ ಹೋಗುತ್ತದೆ. ಎರಡನ್ನೂ ಒಟ್ಟಿಗೇ ನಡೆಸಿ. ನಾವು ಮುಖ್ಯೋಪಾಧ್ಯಾಯರಿಗೆ ಅಂದೇ ಹೇಳಿ ಹೆಸರು ಸೇರಿಸಿಬಿಟ್ಟೆವು.

ಪ್ರತಿ ಬಂದಾಗ ಪುಟ್ಟಿ ನನ್ನ ಮನೆಗೆ ಬಂದಾಗಿತ್ತು. ಚಳ್ಳಕೆರೆಯಿಂದ ಬರುವಾಗ ಅಮ್ಮ ಮಗಳಿಬ್ಬರೂ ಸರ್ಕಾರಿ ಬಸ್ಸಿಗೇ ಕಾದು ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಬಂದರು.

ಉತ್ತರ ಪತ್ರಿಕೆಯನ್ನು ಪ್ರಿಂಟ್ ತೆಗೆಸಿ ಇಬ್ಬರೂ ನೆಲದ ಮೇಲೆ ಹರಡಿಕೊಂಡು ಕುಳಿತೆವು. ಅವಳು ಮೊದಲು ಮುಖ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಬಗ್ಗಿ ನೋಡಿದಳು. ಕವಿ ಪರಿಚಯ ಚೆನ್ನಾಗಿತ್ತು. ಕಾಲ, ಸ್ಥಳ, ಕೃತಿಗಳು, ಎಲ್ಲಾ ಸರಿ. ಪತ್ರಲೇಖನ ಪರವಾಗಿಲ್ಲ. ಪ್ರಬಂಧವೂ ಓಡಿತ್ತು. ಅಂಕ ಹೋಗಿದ್ದೆಲ್ಲ ಓದಿ ಅರ್ಥ ಮಾಡಿಕೊಳ್ಳಬೇಕಾದ ಕಡೆ. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳಿದ ಕಡೆ ಅವಳು ಅಲ್ಲಿನ ಎರಡು ಮೂರು ಸಾಲನ್ನು ಹಾಗೇ ಎತ್ತಿ ಬರೆದಿದ್ದಳು. ಸಂದರ್ಭ ಸಹಿತ ಸ್ವಾರಸ್ಯದಲ್ಲಿ ಆಯ್ಕೆ, ಅಂದರೆ ಅದು ಯಾವ ಪಾಠದ ಮಾತು ಅಂತ, ಬರೆದಿದ್ದಳು, ಸಂದರ್ಭ ಬರೆದಿದ್ದಳು, ಸ್ವಾರಸ್ಯದ ಜಾಗದಲ್ಲಿ "ಇದು ಬಹಳ ಸ್ವಾರಸ್ಯಕರವಾಗಿದೆ" ಅಂತ ಒಂದೇ ಸಾಲು. ಅಲಂಕಾರದಲ್ಲಿ ಲಕ್ಷಣ ಬಾಯಿಪಾಠ ಒಪ್ಪಿಸಿ, ಅದು ಕೊಟ್ಟ ವಾಕ್ಯಕ್ಕೆ ಹೇಗೆ ಹೊಂದುತ್ತದೆ ಅನ್ನುವ ಸಮನ್ವಯ ಬಿಟ್ಟಿದ್ದಳು. ಛಂದಸ್ಸಿನ ಪ್ರಶ್ನೆ ಪೂರ್ತಿ ಖಾಲಿ.

ಮೌಲ್ಯಮಾಪಕರು ನ್ಯಾಯವಾಗಿಯೇ ನೋಡಿದ್ದರು. ಮರುಮೌಲ್ಯಮಾಪನಕ್ಕೆ ಹಾಕುವುದು ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆವು. ಆ ಪುಟಗಳನ್ನು ನೋಡಿ ನನಗೆ ನಿಜಕ್ಕೂ ಸಮಾಧಾನ ಆಯಿತು. ಹುಡುಗಿಗೆ ಕನ್ನಡ ಬರುವುದಿಲ್ಲ ಅಂತ ಆ ಪತ್ರಿಕೆ ಹೇಳುತ್ತಿರಲಿಲ್ಲ. ಓದಿದ್ದರಲ್ಲಿ ಉತ್ತರ ಹುಡುಕುವುದನ್ನು ಅವಳಿಗೆ ಯಾರೂ ಕೂತು ಕಲಿಸಿಲ್ಲ, ಅಷ್ಟೇ. ಗೈಡಿನ ಉತ್ತರ ಉರು ಹೊಡೆಸಿದ್ದರು. ಪ್ರಶ್ನೆಯ ಮಾತು ಸ್ವಲ್ಪ ತಿರುಗಿದರೂ ಕೈ ನಿಂತುಬಿಡುತ್ತಿತ್ತು. ಇದು ಮಗುವಿನ ದಡ್ಡತನ ಅಂತ ತಂದೆತಾಯಿ ದಯವಿಟ್ಟು ಅಂದುಕೊಳ್ಳಬೇಡಿ.

ವಿಷಯ ಬೀದಿಗೆ ಗೊತ್ತಾಗಿ ಇನ್ನಿಬ್ಬರು ಬಂದು ಸೇರಿಕೊಂಡರು. ಒಬ್ಬಳು ಪಕ್ಕದ ಮನೆಯವಳು, ಪಾಸಾಗಿದ್ದರೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ತೆಗೆದುಕೊಂಡಿದ್ದಳು. ಮತ್ತೊಬ್ಬ ಪಾವಗಡ ಕಡೆಯ ಹುಡುಗ, ಇಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದ. ಮನೆಮಾತು ತೆಲುಗು, ಓದಿದ್ದು ಕನ್ನಡ ಮಾಧ್ಯಮ. ಆ ತಾಲ್ಲೂಕಿನಲ್ಲಿ ಇಂಥ ಮಕ್ಕಳು ತುಂಬಾ ಇದ್ದಾರೆ.

ಗದ್ಯಭಾಗದಿಂದ ಶುರು ಮಾಡಿದೆವು. ಪಾಠದ ಗದ್ಯ ಕೊಟ್ಟರೆ ಗೈಡಿನ ಉತ್ತರ ನೆನಪಿಗೆ ಬರುತ್ತದೆ ಅಂತ ನಾನೇ ಚಿಕ್ಕ ಚಿಕ್ಕ ಗದ್ಯ ಬರೆದುಕೊಟ್ಟೆ. ಒಂದು ಹೀಗಿತ್ತು (ನೀರುಗಂಟಿ ಅಂದರೆ ಕೆರೆಯ ನೀರು ನೋಡಿಕೊಳ್ಳುವವನು): "ಕೆರೆ ಕೋಡಿ ಬಿತ್ತು. ಊರಿನವರೆಲ್ಲ ಬಾಗಿನ ಕೊಡಲು ಹೊರಟರು. ಡೊಳ್ಳು ಕೇಳಿಸುತ್ತಿತ್ತು. ನೀರುಗಂಟಿ ಮಾತ್ರ ಗುಂಪಿನಲ್ಲಿ ಇರಲಿಲ್ಲ. ಏರಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ಒಂದು ಸೀಳಿನ ಉದ್ದ ಅಳೆಯುತ್ತಿದ್ದ." ಪ್ರಶ್ನೆ: ನೀರುಗಂಟಿ ಸಂಭ್ರಮದಲ್ಲಿ ಏಕೆ ಸೇರಲಿಲ್ಲ?

ಮೂವರೂ ಮೊದಲು ಬರೆದದ್ದು "ನೀರುಗಂಟಿ ಏರಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ" ಅಂತ. "ಅವನು ಎಲ್ಲಿದ್ದ ಅಂತ ನಾನು ಕೇಳಲಿಲ್ಲ, ಏಕೆ ಬರಲಿಲ್ಲ ಅಂತ ಕೇಳಿದೆ" ಅಂದೆ. ಆಮೇಲೆ ಒಂದು ಪದ್ಧತಿ ಇಟ್ಟುಕೊಂಡೆವು. ಪ್ರಶ್ನೆಯಲ್ಲಿ ಏನು, ಯಾರು, ಎಲ್ಲಿ, ಏಕೆ, ಹೇಗೆ ಅನ್ನುವ ಮಾತಿಗೆ ಮೊದಲು ಸುತ್ತು ಹಾಕುವುದು. ಯಾರು, ಎಲ್ಲಿ ಅಂದರೆ ಉತ್ತರ ಸಾಲಿನಲ್ಲೇ ಸಿಗುತ್ತದೆ. ಏಕೆ, ಹೇಗೆ ಅಂದರೆ ಎರಡು ಸಾಲು ಜೋಡಿಸಬೇಕು. ಗದ್ಯದಲ್ಲಿ ಆಧಾರ ಸಿಕ್ಕ ಕಡೆ ಪೆನ್ಸಿಲ್ಲಿನಲ್ಲಿ ಗೆರೆ. ಗೆರೆ ಇಲ್ಲದ ಉತ್ತರ ನಾನು ಓದುವುದಿಲ್ಲ ಅಂತ ಕಟ್ಟುನಿಟ್ಟು ಮಾಡಿದೆ. ಪುಟ್ಟಿ "ಸೀಳು" ಅನ್ನುವುದರ ಕೆಳಗೆ ಗೆರೆ ಎಳೆದಳು. "ಏರಿ ಬಿರುಕು ಬಿಟ್ಟಿತ್ತು. ಕೆರೆ ತುಂಬಿದ್ದರಿಂದ ಏರಿ ಒಡೆಯಬಹುದು ಅಂತ ಅವನಿಗೆ ಭಯ" ಅಂತ ಬರೆದಳು. ಭಯ ಅನ್ನುವ ಮಾತು ಗದ್ಯದಲ್ಲಿ ಎಲ್ಲೂ ಇಲ್ಲ! ಅಂದು ಅವಳು ಎಷ್ಟೋ ದಿನದ ಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡಳು.

ಮನೆಯಲ್ಲಿ ಹೇಳಿಕೊಡುವವರಿಗೆ ಒಂದು ಮಾತು. ಉತ್ತರ ತಪ್ಪಾದರೆ ಸರಿ ಉತ್ತರ ಹೇಳಿಬಿಡಬೇಡಿ. "ಎಲ್ಲಿದೆ ತೋರಿಸು" ಅನ್ನಿ. ಕಾಯುವುದು ಕಷ್ಟ, ನಾಲಿಗೆ ತುದಿಗೆ ಬಂದುಬಿಡುತ್ತದೆ. ಆದರೂ ಕಾಯಿರಿ.

ಪದ್ಯಕ್ಕೆ ಬಂದಾಗ ನಿಜವಾದ ಬೆಟ್ಟ ಎದುರಾಯಿತು. ಹತ್ತನೇ ತರಗತಿಯಲ್ಲಿ ಕುಮಾರವ್ಯಾಸನ "ಕೌರವೇಂದ್ರನ ಕೊಂದೆ ನೀನು" ಇದೆ. ಕೃಷ್ಣ ಕರ್ಣನನ್ನು ಕರೆದು ಅವನ ಹುಟ್ಟಿನ ಗುಟ್ಟು ಹೇಳುವ ಭಾಗ. ಕತೆ ಮೂವರಿಗೂ ಗೊತ್ತು. ಪದ್ಯ ಮುಂದಿಟ್ಟರೆ ಮಾತ್ರ ಮೌನ. ಆರಂಭವೇ "ಇನತನೂಜನ ಕೂಡೆ ಮೈದುನ" ಅಂತ. ಪಾವಗಡದ ಹುಡುಗ ಬಹಳ ಪ್ರಾಮಾಣಿಕವಾಗಿ ಕೇಳಿದ: "ಅಕ್ಕಾ, ಈ ಇನತನೂಜ ಯಾರು? ಕೃಷ್ಣ, ಕರ್ಣನ ಜೊತೆ ಇನ್ನೊಬ್ಬನೂ ಇದ್ನಾ?" ಮುಂದೆ ಬರುವ ದನುಜರಿಪುವನ್ನೂ ಅವನು ಬೇರೆ ಪಾತ್ರ ಅಂತಲೇ ತಿಳಿದಿದ್ದ. ಅವನ ಪ್ರಶ್ನೆ ಕೇಳಿದ ಮೇಲೆ ಉಳಿದಿಬ್ಬರೂ ತಮಗೂ ಹಾಗೇ ಅನ್ನಿಸಿತ್ತು ಅಂತ ಒಪ್ಪಿಕೊಂಡರು. ವರ್ಷವಿಡೀ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ.

ಆದ್ದರಿಂದ ಪದ್ಯ ಬದಿಗಿಟ್ಟು ಮೊದಲು ಹೆಸರುಗಳ ಪಟ್ಟಿ ಮಾಡಿದೆವು. ಇನ ಅಂದರೆ ಸೂರ್ಯ, ತನೂಜ ಅಂದರೆ ಮಗ, ಹಾಗಾದರೆ ಇನತನೂಜ ಕರ್ಣ. ದನುಜರು ರಾಕ್ಷಸರು, ರಿಪು ಶತ್ರು, ಹಾಗಾದರೆ ದನುಜರಿಪು ಕೃಷ್ಣ. ಒಂದು ಹಾಳೆಯ ಎಡಕ್ಕೆ ಕೃಷ್ಣ, ಬಲಕ್ಕೆ ಕರ್ಣ, ಯಾರಿಗೆ ಯಾವ ಯಾವ ಹೆಸರು ಬರುತ್ತದೋ ಅವರ ಕೆಳಗೆ. ಈ ಹಾಳೆ ಗೋಡೆಗೆ ಅಂಟಿತು. ಸಂಕ್ಷಿಪ್ತ ಕನ್ನಡ ನಿಘಂಟು ಪಕ್ಕದಲ್ಲೇ ಇಟ್ಟುಕೊಂಡೆವು. ಕನ್ನಡ ಸಾಹಿತ್ಯ ಪರಿಷತ್ತಿನ ಈ ನಿಘಂಟು ಒಂದು ಮನೆಯಲ್ಲಿದ್ದರೆ ಗೈಡೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಸಾಲು ಬಿಡಿಸುವುದು. ಮೊದಲ ಸಾಲು "ಮೈದುನ" ಅಂತ ನಿಲ್ಲುತ್ತದೆ, ಎರಡನೇ ಸಾಲು "ತನದ" ಅಂತ ಶುರುವಾಗುತ್ತದೆ. ಮಕ್ಕಳು ಸಾಲಿನ ಕೊನೆಯಲ್ಲಿ ಮಾತು ಮುಗಿಯಿತು ಅಂದುಕೊಂಡು ಅರ್ಥ ಹುಡುಕುತ್ತಾರೆ, ಸಿಗುವುದಿಲ್ಲ. ಅದು ಒಂದೇ ಪದ, ಮೈದುನತನ. ಎಲ್ಲವನ್ನೂ ನಾವು ಮಾತಾಡುವ ಕ್ರಮಕ್ಕೆ ತಂದು ಬರೆದೆವು: ಕೃಷ್ಣನು ಕರ್ಣನ ಜೊತೆ ಮೈದುನತನದ ಸರಸ ಮಾಡುತ್ತಾ, ಅವನನ್ನು ಬರಸೆಳೆದು, ರಥದ ಪೀಠದಲ್ಲಿ ಕೂರಿಸಿದನು. ಯಾರು, ಯಾರ ಜೊತೆ, ಏನು ಮಾಡಿದರು. ಈ ಮೂರು ಸಿಕ್ಕರೆ ಸಾರಾಂಶ ಅರ್ಧ ಮುಗಿದ ಹಾಗೆ.

"ಮೈದುನತನ ಯಾಕೆ? ಗೆಳೆತನ ಅಂತ ಯಾಕೆ ಬರೆಯಲಿಲ್ಲ?" ಅಂತ ಕೇಳಿ ಸುಮ್ನೆ ಕೂತೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಪುಟ್ಟಿ ಬೆರಳು ಮಡಿಸಿ ಸಂಬಂಧ ಎಣಿಸುತ್ತಿದ್ದಳು. "ಚಿಕ್ಕಮ್ಮ, ಕುಂತಿ ಕೃಷ್ಣನಿಗೆ ಸೋದರತ್ತೆ ಅಲ್ವಾ? ವಸುದೇವನ ಒಡಹುಟ್ಟಿದವಳು. ಕರ್ಣ ಕುಂತಿ ಮಗ ಅಂದ್ರೆ ಕೃಷ್ಣನಿಗೆ ಅತ್ತೆ ಮಗ, ಅಂದ್ರೆ ಮೈದುನ! ಕರ್ಣನಿಗೆ ಅದು ಇನ್ನೂ ಗೊತ್ತಿಲ್ಲ, ಕೃಷ್ಣನಿಗೆ ಗೊತ್ತು. ಅದಕ್ಕೇ ಮೊದಲೇ ಆ ಥರ ಆಡ್ತಾ ಇದಾನೆ." ನನಗೆ ಮೈ ಜುಮ್ಮೆಂದಿತು. ಇದಪ್ಪಾ ಸ್ವಾರಸ್ಯ ಅಂದೆ. ಮುಂದೆ ಹೇಳಲಿರುವ ಗುಟ್ಟನ್ನು ಕವಿ ಒಂದು ಪದದಲ್ಲಿ ಮೊದಲೇ ಇಟ್ಟಿದ್ದಾನೆ. ಅತ್ತೆ ಮಗನನ್ನು ಗೇಲಿ ಮಾಡಿ ಬೆಳೆದ ಹುಡುಗಿಗೆ ಇದು ಯಾವ ಗೈಡಿಗಿಂತ ಚೆನ್ನಾಗಿ ಗೊತ್ತಿತ್ತು. "ಬಹಳ ಸ್ವಾರಸ್ಯಕರವಾಗಿದೆ" ಅನ್ನುವ ಸಾಲನ್ನು ಅವಳು ಆಮೇಲೆ ಒಮ್ಮೆಯೂ ಬರೆಯಲಿಲ್ಲ.

ಹಳಗನ್ನಡಕ್ಕೆ, ಅಂದರೆ ಪಂಪ, ರನ್ನರ ಪದ್ಯಗಳಿಗೆ, ಒಂದು ಸಣ್ಣ ಉಪಾಯ ತುಂಬಾ ಕೆಲಸ ಮಾಡಿತು. ಶುರುವಿನ ಪಕಾರವನ್ನು ಹಕಾರ ಮಾಡಿ ಓದುವುದು. ಪಾಲ್ ಹಾಲಾಗುತ್ತದೆ, ಪೂ ಹೂವಾಗುತ್ತದೆ, ಪೋಗು ಹೋಗು ಆಗುತ್ತದೆ. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ, ಆದರೂ ಅರ್ಧ ಹೆದರಿಕೆ ಇದರಿಂದಲೇ ಹೋಗುತ್ತದೆ. ಱ ಕಂಡರೆ ರ ಅಂತ, ೞ ಕಂಡರೆ ಳ ಅಂತ ಓದಿ ಮುಂದೆ ಹೋಗಲು ಹೇಳಿದೆ.

ಅಲಂಕಾರದಲ್ಲಿ ಸಿಕ್ಕ ತೊಡಕು ನಾನು ಎಣಿಸದೇ ಇದ್ದದ್ದು. "ಅಂತೆ" ಕಂಡರೆ ಉಪಮಾಲಂಕಾರ ಅಂತ ಮಕ್ಕಳಿಗೆ ಯಾರೋ ಸುಲಭದ ದಾರಿ ಹೇಳಿಕೊಟ್ಟಿದ್ದರು. "ಅವನು ನಾಳೆ ಬರುತ್ತಾನಂತೆ" ಅನ್ನುವುದನ್ನೂ ಪಕ್ಕದ ಮನೆಯ ಹುಡುಗಿ ಉಪಮೆ ಅಂದಳು. ಅಲ್ಲಿ ಹೋಲಿಕೆ ಎಲ್ಲಿದೆ? ಹಾಗಾಗಿ ಹೆಸರು ಹೇಳುವ ಮೊದಲು ಎರಡು ವಸ್ತು ಹುಡುಕಿಸಿದೆ. "ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು." ಯಾರನ್ನು ಹೋಲಿಸಿದ್ದಾರೆ? ಭೀಮ ದುರ್ಯೋಧನರನ್ನು, ಅದು ಉಪಮೇಯ. ಯಾವುದಕ್ಕೆ? ಮದಗಜಗಳಿಗೆ, ಅದು ಉಪಮಾನ. ಅಂತೆ ಅನ್ನುವುದು ವಾಚಕ ಪದ. ಇಬ್ಬರಿಗೂ ಸಮಾನವಾದದ್ದು ಹೋರಾಟ, ಅದು ಸಮಾನ ಧರ್ಮ. ಇಷ್ಟು ಬಿಡಿಸಿದ ಮೇಲೆ ಸಮನ್ವಯ ತಾನಾಗೇ ಬರುತ್ತದೆ: ಉಪಮೇಯವಾದ ಭೀಮ ದುರ್ಯೋಧನರನ್ನು ಉಪಮಾನವಾದ ಮದಗಜಗಳಿಗೆ ಹೋಲಿಸಿರುವುದರಿಂದ ಇದು ಉಪಮಾಲಂಕಾರ. ಎರಡೂ ಒಂದೇ ಅಂದುಬಿಟ್ಟರೆ ರೂಪಕ. ಒಂದನ್ನು ಮತ್ತೊಂದು ಎಂದು ಕಲ್ಪಿಸಿ "ಓ ಎಂಬಂತೆ" ಅಂದರೆ ಉತ್ಪ್ರೇಕ್ಷೆ.

ಛಂದಸ್ಸನ್ನು ಬಿಟ್ಟುಬಿಡೋಣ ಅಂತ ಪುಟ್ಟಿ ಗೋಗರೆದಳು. ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಕನ್ನಡ ಮೇಡಂ ಇದ್ದಾರೆ. ಅವರು ಬಂದು "ಅಯ್ಯೋ, ಇದು ಲೆಕ್ಕ ಕಣಮ್ಮ, ಇದರಲ್ಲಿ ಅಂಕ ಕಳೆದುಕೊಳ್ತಾರಾ?" ಅಂದರು. ಪ್ರಸ್ತಾರಕ್ಕೆ (ಗುರು ಲಘು ಗುರುತು ಹಾಕುವುದು), ಗಣ ವಿಭಾಗಕ್ಕೆ (ಮಾತ್ರೆ ಎಣಿಸಿ ಅಕ್ಷರ ಗುಂಪು ಮಾಡುವುದು), ಛಂದಸ್ಸಿನ ಹೆಸರಿಗೆ ಬೇರೆಬೇರೆ ಅಂಕ ಬರುವುದರಿಂದ ಗೊತ್ತಿದ್ದಷ್ಟು ಬರೆದರೂ ಲಾಭವೇ. ದೀರ್ಘ ಅಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ಸೊನ್ನೆ ಇದ್ದರೆ ಗುರು, ಐ ಔ ಸ್ವರ ಸೇರಿದ್ದರೆ ಗುರು. ಉಳಿದದ್ದು ಲಘು. ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲು ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ಗಣ. ಒಟ್ಟು 14 ಮಾತ್ರೆ. ಮೂರನೇ, ಆರನೇ ಸಾಲು ಮೂರು ಸಲ ಮೂರು ನಾಲ್ಕು, ಕೊನೆಗೆ ಒಂದು ಗುರು. ಒಟ್ಟು 23. ಗೊತ್ತಿದ್ದ ಸಾಲಿನಲ್ಲೇ ಹಾಕಿ ನೋಡಿದೆವು. ಇನತ ಮೂರು, ನೂಜನ ನಾಲ್ಕು, ಕೂಡೆ ಮೂರು, ಮೈದುನ ನಾಲ್ಕು. ಸರಿಯಾಗಿ 14! ಮೈದುನ ಅಂತ ಪದ ಮುರಿದದ್ದು ಯಾಕೆ ಅನ್ನುವುದೂ ಅಲ್ಲೇ ಕಾಣಿಸಿತು. ಮೇಡಂ ಹೇಳಿದ ಒಂದು ಸೂತ್ರ ಎಲ್ಲರಿಗೂ ಉಪಯೋಗ: ಗಣ ಬಿಡಿಸುವ ಮೊದಲು ಸಾಲಿನ ಒಟ್ಟು ಮಾತ್ರೆ ಎಣಿಸಿ. ಷಟ್ಪದಿಯ ಸಣ್ಣ ಸಾಲಿನಲ್ಲಿ 14 ಬಂದರೆ ಭಾಮಿನಿ, 20 ಬಂದರೆ ಐದೈದರ ವಾರ್ಧಕ ಇರಬಹುದು. ಬೇರೆ ಏನಾದರೂ ಬಂದರೆ ಗುರು ಲಘು ಹಾಕಿದ್ದನ್ನು ಇನ್ನೊಮ್ಮೆ ನೋಡಿ.

ಖರ್ಚು ಹೇಳಬೇಕೆಂದರೆ ದೊಡ್ಡದೇನಿಲ್ಲ. ಪಠ್ಯಪುಸ್ತಕ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ, ಮಾದರಿ ಪ್ರಶ್ನೆಪತ್ರಿಕೆ ಮಂಡಳಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಿಂಟಿಗೆ, ಗೆರೆ ಹಾಳೆಗೆ, ಸ್ಕ್ಯಾನ್ ಪ್ರತಿಗೆ ದುಡ್ಡು. ಜಾಸ್ತಿ ಹೋಗಿದ್ದು ನನ್ನ ರಜೆಗಳು. ಕೆಲಸಕ್ಕೆ ಹೋಗುವವರು ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ಇಟ್ಟುಕೊಂಡರೂ ಸಾಕು, ಆದರೆ ದಿನ ತಪ್ಪಿಸಬಾರದು.

ಪರೀಕ್ಷೆ-2ಕ್ಕೆ ಅವಳಿಗೆ ಮೊದಲ ಸಲದ್ದಲ್ಲದೆ ಬೇರೆ ಕೇಂದ್ರ ಬಂತು. ಹಿಂದಿನ ದಿನವೇ ಹೋಗಿ ಜಾಗ ನೋಡಿಕೊಂಡು ಬಂದೆವು. ಪ್ರವೇಶ ಪತ್ರ ಶಾಲೆಯಿಂದಲೇ ಪಡೆಯಬೇಕು, ಫೋಟೋ ಮತ್ತು ಹೆಸರಿನ ಅಕ್ಷರ ಸರಿ ಇದೆಯಾ ನೋಡಿಕೊಳ್ಳಿ. ಪ್ರಥಮ ಭಾಷೆಗೆ 3 ಗಂಟೆ 15 ನಿಮಿಷ, ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೇ. ಆ ಹೊತ್ತನ್ನು ಗದ್ಯಭಾಗಕ್ಕೇ ಕೊಡು ಅಂದಿದ್ದೆ. ಮೊದಲು ಪ್ರಶ್ನೆ, ಆಮೇಲೆ ಗದ್ಯ, ಮತ್ತೆ ಪ್ರಶ್ನೆ. ಹೊರಗೆ ಬಂದವಳು "ಚಿಕ್ಕಮ್ಮ, ಸ್ವಾರಸ್ಯಕ್ಕೆ ಜಾಗ ಸಾಲಲಿಲ್ಲ" ಅಂದಳು. ಅವಳ ಅಪ್ಪ ಪಕ್ಕದಲ್ಲೇ ನಿಂತಿದ್ದರು, ಏನೂ ಬೈಯಲಿಲ್ಲ, ಎಳನೀರು ಕುಡಿಸಿದರು.

ಜೂನಿನಲ್ಲಿ ಫಲಿತಾಂಶ ಬಂತು. ಪುಟ್ಟಿ ಪಾಸ್. ಪಿಯುಸಿಗೆ ವಾಣಿಜ್ಯ ವಿಭಾಗ ಸೇರಿದ್ದಾಳೆ. ದಾಖಲಾತಿಗೆ ವರ್ಗಾವಣೆ ಪತ್ರ ಶಾಲೆಯಿಂದ ಬೇಗ ತೆಗೆಸಿಕೊಳ್ಳಿ, ಪರೀಕ್ಷೆ-2ರ ಮಕ್ಕಳೆಲ್ಲ ಒಂದೇ ಸಲ ಹೋಗಿ ಸಾಲು ಹಚ್ಚುತ್ತಾರೆ. ಪಕ್ಕದ ಮನೆಯವಳ ಅಂಕ ಏರಿತು.

ಪಾವಗಡದ ಹುಡುಗನಿಗೆ ಸ್ವಲ್ಪದರಲ್ಲಿ ತಪ್ಪಿತು. ಆ ವರ್ಷ ಮೂರನೇ ಅವಕಾಶವಾಗಿ ಪರೀಕ್ಷೆ-3 ಇತ್ತು, ಅವನು ಅದಕ್ಕೆ ಹೆಸರು ಕೊಟ್ಟ, ಆ ಸಲವೂ ಸ್ಕ್ಯಾನ್ ಪ್ರತಿ ತರಿಸಿದೆವು. ಗದ್ಯಭಾಗದಲ್ಲಿ ಅವನು ಅಷ್ಟರಲ್ಲಿ ಗಟ್ಟಿಯಾಗಿದ್ದ. ಒತ್ತಕ್ಷರ ಮತ್ತು ಅಲ್ಪಪ್ರಾಣ ಮಹಾಪ್ರಾಣದಲ್ಲಿ ತಪ್ಪು ಉಳಿದಿದ್ದವು. ಅದಕ್ಕಾಗಿ ದಿನಾ ಸಂಜೆ ಮೇಡಂ ಮನೆಯಲ್ಲಿ ಉಕ್ತಲೇಖನ ಶುರುವಾಯಿತು, ಒಂಬತ್ತನೇ ತರಗತಿಯ ಮಕ್ಕಳೂ ಬಂದು ಕೂರತೊಡಗಿದರು.